ಸಾಹೇಬರ ಜೀಪಿಗೆ ತೊಂಬತ್ತೆರಡು

ನಾನು ಒಂದು ಸ್ಪೀಡ್ ಗನ್. ಹೆಸರು ಕೇಳಿ ಹೆದರಬೇಡಿ, ನನ್ನ ಹೊಟ್ಟೆಯಲ್ಲಿ ಗುಂಡಿಲ್ಲ. ಇರುವುದು ಒಂದು ಕಣ್ಣು, ಒಂದು ಬ್ಯಾಟರಿ, ಚೀಟಿ ಮುದ್ರಿಸುವ ಒಂದು ಸಣ್ಣ ಬಾಯಿ. ಓಡಿ ಬರುವ ಗಾಡಿಯ ವೇಗ ಎಷ್ಟೆಂದು ಹೇಳುವುದೇ ನನ್ನ ಕಸುಬು. ಕಾರ್ಖಾನೆಯವರು ನೂರು ಸಲ ಪರೀಕ್ಷಿಸಿ, ನನ್ನ ಬೆನ್ನಿಗೆ ಹಸಿರು ಮುದ್ರೆ ಒತ್ತಿ ಕಳಿಸಿದರು. ಆ ಮುದ್ರೆಯ ಬಗ್ಗೆ ನನಗೆ ಸ್ವಲ್ಪ ಜಂಬವಿದೆ, ಇಲ್ಲ ಎನ್ನುವುದಿಲ್ಲ.

ರಟ್ಟಿನ ಪೆಟ್ಟಿಗೆಯಲ್ಲಿ ಕುಳಿತು ನಾನು ಬಂದಿಳಿದದ್ದು ಹಾವೇರಿ ಕಡೆಯ ಹೆದ್ದಾರಿ ಪಕ್ಕದ ಒಂದು ಸಣ್ಣ ಠಾಣೆಗೆ. ನನ್ನನ್ನು ಕೈಗೆತ್ತಿಕೊಂಡವರು ಹೆಡ್ ಕಾನ್‌ಸ್ಟೆಬಲ್ ನಾಗರತ್ನಾ ಹಡಪದ. ಅವರ ಹಿಡಿತ ಗಟ್ಟಿ, ಮಾತು ಇನ್ನೂ ಗಟ್ಟಿ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ನನಗೊಂದು ಪರೀಕ್ಷೆ. ಚಾಲಕ ಮೈಲಾರಪ್ಪ ಠಾಣೆಯ ಜೀಪನ್ನು ಸರಿಯಾಗಿ ನಲವತ್ತರ ವೇಗದಲ್ಲಿ ತರಬೇಕು, ನಾನು ನಲವತ್ತು ಎನ್ನಬೇಕು. ತಪ್ಪಿದರೆ ಗುಜರಿಯೇ ಗತಿ. ನನಗಿಂತ ಮೊದಲಿದ್ದವನು ಹಾಗೆಯೇ ಹೋದನಂತೆ.

ಅದೊಂದು ಶುಕ್ರವಾರ, ಪರೇಡಿನ ದಿನ. ಒಂಬತ್ತಕ್ಕೆ ಜೀಪು ಬಂತು. ನಾಗರತ್ನಾ ನನ್ನ ಪರದೆಯನ್ನೇ ನೋಡುತ್ತ ಎಂದಿನಂತೆ ಗುಂಡಿ ಒತ್ತಿದರು. ನಾನು ತೊಂಬತ್ತೆರಡು ಎಂದು ಚೀಟಿ ಉಗುಳಿದೆ.

"ಏನ್ ರೋಗ ಬಂತ ಇದಕ್ಕ!" ಎಂದು ಅವರು ನನ್ನ ನೆತ್ತಿಗೆ ಎರಡು ಬಿಟ್ಟರು. ನನಗೆ ಅಳುವೇ ಬಂತು. ನಾನು ಹೇಳಿದ್ದು ಅಪ್ಪಟ ನಿಜ.

ಪಕ್ಕದ ಚಹದಂಗಡಿಯಲ್ಲಿ ಹಾಲಿನ ಸಿದ್ರಾಮಪ್ಪ ಕುಳಿತಿದ್ದ. ಅರವತ್ತರ ಮಿತಿಯ ಆ ರಸ್ತೆಯಲ್ಲಿ ಹಿಂದಿನ ದಿನ ಬೈಕನ್ನು ಎಪ್ಪತ್ತೆಂಟಕ್ಕೆ ಓಡಿಸಿ ಸಿಕ್ಕಿಬಿದ್ದು, ದಂಡ ಕಟ್ಟಲು ಬಂದವನು. ಅವನಿಗೆ ಹಬ್ಬವೇ ಆಯಿತು.

"ಅಕ್ಕಾರ, ಮಷೀನ್ ಕೆಟ್ಟೈತಿ ಅಂದ್ರ ನಿನ್ನಿ ನನ್ನ ಚೀಟಿನೂ ಸುಳ್ಳ ಆತಲ್ರಿ? ಇಲ್ಲಾ, ಮಷೀನ್ ಖರೆ ಅಂದ್ರ ಜೀಪಿಗೂ ಚೀಟಿ ಕೊಡ್ರಿ!"

ಅಷ್ಟರಲ್ಲಿ ಜೀಪಿನ ಚಾಲಕನ ಸೀಟಿನಿಂದ ಇಳಿದವರು ಮೈಲಾರಪ್ಪನಲ್ಲ, ಇನ್‌ಸ್ಪೆಕ್ಟರ್ ಚನ್ನವೀರ ಅಂಗಡಿ. ಪರೇಡಿಗೆ ಬೆಲ್ಟ್ ಮರೆತು ಬಂದಿದ್ದ ಸಾಹೇಬರು, ತಾವೇ ಜೀಪು ಹತ್ತಿ ಮನೆಗೆ ಓಡಿ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ವಾಪಸ್ ಬಂದಿದ್ದರು.

ನಾಗರತ್ನಾ ಸೆಲ್ಯೂಟ್ ಹೊಡೆದು ಚೀಟಿ ಚಾಚಿದರು. "ಸರ್, ಮಷೀನ್ ಕೆಟ್ಟೈತೋ, ನೀವು ಜೋರ ಬಂದ್ರೋ? ಕೆಟ್ಟೈತಿ ಅನ್ರಿ, ಈಗ ಗುಜರಿಗೆ ಕಳಸ್ತೀನಿ."

ನನ್ನ ಜೀವ ಆ ದಪ್ಪ ಮೀಸೆಯ ಕೆಳಗಿನ ಬಾಯಿಯಲ್ಲಿತ್ತು. "ಕೆಟ್ಟಿದೆ" ಎಂಬ ಒಂದೇ ಮಾತು ಸಾಕಿತ್ತು ಅವರಿಗೆ. ಸಾಹೇಬರು ನನ್ನನ್ನು ನೋಡಿದರು, ಬೆಲ್ಟ್ ನೋಡಿದರು.

"ಜೋರ ಬಂದೆ. ಆದ್ರ ಪೊಲೀಸ್ ಗಾಡಿಗೆ ಮಾಫಿ ಇರತೈತಲ್ರಿ?"

"ಹಂಗಾರ ಸೈರನ್ ಯಾಕ ಹಾಕಲಿಲ್ರಿ?"

"ಬೆಲ್ಟಿಗೆ ಸೈರನ್ ಹಾಕಿದ್ರ ಮಂದಿ ನಗೂದಿಲ್ಲೇನ್ರಿ?"

ಮಾತು ಹೊರಬಿದ್ದ ಮೇಲೆ ಅವರಿಗೇ ಅದರ ಅರ್ಥವಾಯಿತು: ಸೈರನ್ ಹಾಕಲು ನಾಚುವಂಥ ಕೆಲಸಕ್ಕೆ ಮಾಫಿಯೂ ಇಲ್ಲ. ಮೊದಲು ನಕ್ಕವರೂ ಅವರೇ. ಆಮೇಲೆ ಸಿದ್ರಾಮಪ್ಪನ ಹಿಂದೆ ಸರದಿಯಲ್ಲಿ ನಿಂತು ದಂಡ ಕಟ್ಟಿದರು. ಸಿದ್ರಾಮಪ್ಪ ಖುಷಿಯಿಂದ ಸಾಹೇಬರಿಗೆ ಚಹ ಕುಡಿಸಿದ. ನಾಗರತ್ನಾ ನನ್ನ ನೆತ್ತಿಯನ್ನು ಸೆರಗಿನಂತೆ ಮೆತ್ತಗಿದ್ದ ಬಟ್ಟೆಯಿಂದ ಒರೆಸಿದರು. ಪೆಟ್ಟಿನ ನೋವು ಅಲ್ಲಿಗೇ ಮರೆತುಹೋಯಿತು.

ಎರಡು ತಿಂಗಳ ಮೇಲೆ, ಸಂತೆಯ ದಿನ, ದೂರದಿಂದ ಸೈರನ್ ಕೇಳಿಸಿತು. ಅದೇ ಜೀಪು, ಮೈಲಾರಪ್ಪ ಆಸ್ಪತ್ರೆಯ ಕಡೆಗೆ ಓಡಿಸುತ್ತಿದ್ದ. ನಾನು ನೂರಾ ನಾಲ್ಕು ಎಂದೆ. ಒಳಗೆ ಸಿದ್ರಾಮಪ್ಪನ ಸೊಸೆ ಹೆರಿಗೆ ನೋವಿನಿಂದ ನರಳುತ್ತಿದ್ದಳು. ಮುಂದಿನ ಸೀಟಿನಿಂದ ಅವನು ಅರ್ಧ ಹೊರಗೆ ಬಾಗಿ ಕೂಗಿದ: "ಅಕ್ಕಾರ, ಇದಕ್ಕ ಚೀಟಿ ಕೊಡಬ್ಯಾಡ್ರಿ!"

ನಾಗರತ್ನಾರಿಗೆ ಅದನ್ನು ಕೇಳಿಸಿಕೊಳ್ಳಲು ಪುರಸೊತ್ತಿರಲಿಲ್ಲ. ನನ್ನನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ರಸ್ತೆಗೆ ನುಗ್ಗಿ, ಸೀಟಿ ಊದುತ್ತ ಲಾರಿಗಳನ್ನೆಲ್ಲ ಬದಿಗೆ ನಿಲ್ಲಿಸುತ್ತಿದ್ದರು. ಕಂಕುಳಿನ ಕತ್ತಲಲ್ಲೂ ನನಗೆ ಅಂದು ಬಹಳ ಸಂತೋಷವಾಯಿತು.

ಮರುದಿನ ಸಿದ್ರಾಮಪ್ಪ ಪೇಡೆ ತಂದ. ಹೆಣ್ಣುಕೂಸು. ನೂರಾ ನಾಲ್ಕರ ಚೀಟಿಯನ್ನು ಅವನೇ ಕೇಳಿ ಪಡೆದುಕೊಂಡ. "ನಮ್ಮ ಮೊಮ್ಮಗಳ ಮೊದಲನೇ ಸವಾರಿ ಚೀಟಿ ರೀ ಇದು" ಎಂದು ಎಲ್ಲರಿಗೂ ತೋರಿಸಿದ.

ಈಗ ಹೆದ್ದಾರಿಗೆ ಕ್ಯಾಮೆರಾ ಕಂಬಗಳು ಬಂದಿವೆ. ನಾನು ಠಾಣೆಯ ಗಾಜಿನ ಕಪಾಟಿನಲ್ಲಿ ಹಳೆಯ ವೈರ್‌ಲೆಸ್ ಸೆಟ್ಟುಗಳ ಜೊತೆ ಆರಾಮಾಗಿದ್ದೇನೆ. ನನ್ನ ಕಣ್ಣಿಗೆ ಖಾಕಿ ಕಾಣಲಿಲ್ಲ, ಅಂಕಿ ಮಾತ್ರ ಕಂಡಿತು. ಗಾಡಿ ಯಾತಕ್ಕೆ ಓಡುತ್ತಿದೆ ಎಂದು ನೋಡಲು ನಾಗರತ್ನಾರಂಥವರೇ ಬೇಕಾಗಿತ್ತು. ಅವರು ನನಗೆ ಸಿಕ್ಕಿದ್ದು ನನ್ನ ಪುಣ್ಯ.

ಮೊನ್ನೆ ಅವರ ನಿವೃತ್ತಿ. ಹೋಗುವ ಮುನ್ನ ನನಗೆ ಹೊಸ ಬ್ಯಾಟರಿ ಹಾಕಿ, ಕೊನೆಯ ಸಲ ರಸ್ತೆಗೆ ಕರೆದೊಯ್ದರು. ಎದುರಿನಿಂದ ಒಂದು ಹಳೆಯ ಸ್ಕೂಟರ್ ಬಂತು. ಮೇಲೆ ನೆರೆತ ದಪ್ಪ ಮೀಸೆ. ಎಂದೋ ನಿವೃತ್ತರಾಗಿದ್ದ ಅಂಗಡಿ ಸಾಹೇಬರು ನಾಗರತ್ನಾರ ಬೀಳ್ಕೊಡುಗೆಗೆ ಬರುತ್ತಿದ್ದರು.

"ಎಷ್ಟ ಬಂತ್ರಿ?" ಗಾಡಿ ನಿಲ್ಲಿಸಿ ಕೇಳಿದರು.

"ಮೂವತ್ತೆಂಟ್ರಿ ಸರ್."

ಸಾಹೇಬರು ಸೊಂಟ ತಟ್ಟಿ ತೋರಿಸಿದರು. "ಬೆಲ್ಟ್ ಹಾಕ್ಕೊಂಡೇ ಹೊಂಟೀನ್ರಿ."