ಹಸಿರು ದೀಪದ ಹಾಸಿಗೆ

ಆ ಗಾಳಿ ಹಾಸಿಗೆ ಸೊಸೆಯ ಸ್ವಂತ ಕೈಕೆಲಸ. ಲಿಫ್ಟಿನ ಸರ್ಕಿಟ್ ಬೋರ್ಡು ರಿಪೇರಿ ಮಾಡಿ ಪಳಗಿದ ಕೈ ಅವಳದು. ಗಂಡ ಕೆಲಸದ ಜಾಗದಲ್ಲಿ ಏಣಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಮೇಲೆ, ಹಟಕ್ಕೆ ಬಿದ್ದು ಮಾಡಿದ್ದಳು. ಹಾಸಿಗೆಯೊಳಗೆ ಎರಡು ಸಾಲು ಕೊಳವೆ. ಒಂದು ಸಾಲು ಉಬ್ಬಿದಾಗ ಇನ್ನೊಂದು ಇಳಿಯಬೇಕು, ಸ್ವಲ್ಪ ಹೊತ್ತಿಗೆ ಅದಲುಬದಲಾಗಬೇಕು. ಆಗ ಬೆನ್ನಿನ ಒಂದೇ ಜಾಗಕ್ಕೆ ಭಾರ ಬಿದ್ದು ಹುಣ್ಣಾಗುವುದಿಲ್ಲ.

ಆ ‘ಸ್ವಲ್ಪ ಹೊತ್ತು’ ಇದೆಯಲ್ಲ, ತಲೆನೋವು ಅಲ್ಲೇ. ಹಾಸಿಗೆ ನಡೆಸುವ ಎಲೆಕ್ಟ್ರಾನಿಕ್ ಚಿಪ್‌ನೊಳಗಿನ ಟೈಮರಿಗೆ ಮಹಾ ಅವಸರ. ಕಣ್ಣು ಮಿಟುಕಿಸುವಷ್ಟರಲ್ಲಿ ಎಣಿಸಿ ಮುಗಿಸಿ ಮತ್ತೆ ಸೊನ್ನೆಗೆ ಬಂದು ಕೂರುತ್ತದೆ. ಅದಕ್ಕೇ ಎರಡು ಟೈಮರ್ ಜೋಡಿಸಿದಳು. ಮೊದಲನೆಯದು ಒಂದು ಸುತ್ತು ಮುಗಿಸಿದಾಗಲೆಲ್ಲ ಎರಡನೆಯದು ‘ಒಂದು’ ಅನ್ನಬೇಕು, ಕಾಳು ಅಳೆಯುವವರು ಅಳತೆಗೊಂದು ಕಲ್ಲು ಪಕ್ಕಕ್ಕಿಟ್ಟಂತೆ. ಎರಡನೆಯದರ ಎಣಿಕೆ ತುಂಬಿದಾಗ ಗಾಳಿ ಸಾಲು ಬದಲಿಸುತ್ತದೆ.

ಕೆಲಸ ನಡೆಯುತ್ತಿದೆ ಅಂತ ತಿಳಿಯಲು ಒಂದು ಹಸಿರು ದೀಪ. ಅದನ್ನು ಎರಡನೆಯ ಟೈಮರಿಗೆ ಕೊಟ್ಟರೆ ಅದು ಮಿನುಗುವವರೆಗೆ ಬಾಯಿ ಬಿಟ್ಟುಕೊಂಡು ಕಾಯುವವರು ಯಾರು? ಮೊದಲನೆಯದಕ್ಕೇ ಕೊಟ್ಟಳು. ದೀಪ ಚೆಂದವಾಗಿ ಮಿನುಗಿತು.

ಅಲ್ಲಿಯವರೆಗೆ ಮಗನನ್ನು ಮಗ್ಗುಲು ಹೊರಳಿಸುತ್ತಿದ್ದವರು ಅತ್ತೆ. “ಸಾಕು ಬಿಡಿ ಅತ್ತೆ, ನಿಮ್ಮ ಸೊಂಟ ಹಿಡ್ಕೊಂಡ್ರೆ ನಿಮ್ಮನ್ನ ಯಾರು ಹೊರಳಿಸ್ತಾರೆ? ದೀಪ ಮಿನುಗ್ತಿದ್ರೆ ಎಲ್ಲ ಸರಿ ಇದೆ ಅಂತ.”

“ಅದಕ್ಕೇನು ಗೊತ್ತು ಬೆನ್ನಿನ ಕಷ್ಟ,” ಅಂತ ಅತ್ತೆ ಗೊಣಗಿದರು. ಆದರೂ ಸೊಸೆಯ ಮಾತಿಗೆ ಬೆಲೆ ಕೊಟ್ಟು ಹೊರಳಿಸುವುದನ್ನು ಬಿಟ್ಟರು.

ಒಂದು ಬೆಳಿಗ್ಗೆ ಮೈ ಒರೆಸುತ್ತಿದ್ದ ಅತ್ತೆಯ ಕೈ ನಿಂತಿತು. “ಇಲ್ಲಿ ಬಾರಮ್ಮ.” ಬೆನ್ನಿನ ಬುಡದಲ್ಲಿ ಚರ್ಮ ಕಪ್ಪಾಗಿ ಕಿತ್ತುಬಂದಿತ್ತು.

“ಏನಾದ್ರೂ ಆಗಿದೆಯಾ ಅಲ್ಲಿ?” ಗಂಡ ಕೇಳಿದ. “ನಂಗೇನೂ ಗೊತ್ತಾಗ್ತಿಲ್ಲ.”

ಸೊಸೆ ಹಾಸಿಗೆಯಡಿ ಕೈ ತೂರಿಸಿದಳು. ಒಂದು ಸಾಲು ಕಲ್ಲಿನಂತೆ ಗಟ್ಟಿ, ಇನ್ನೊಂದು ಚಪ್ಪಟೆ. ಎಷ್ಟು ಕಾದರೂ ಬದಲಾಗಲಿಲ್ಲ. ದೀಪ ಮಾತ್ರ ಮಿನುಗುತ್ತಲೇ ಇತ್ತು. ದೀಪದ ಬುಡ ಕತ್ತಲೆ ಅನ್ನುವುದು ಸುಳ್ಳಲ್ಲ ನೋಡಿ.

ನರ್ಸ್ ಬಂದು ಗಾಯಕ್ಕೆ ಪಟ್ಟಿ ಹಾಕಿ, “ಆಳಕ್ಕೆ ಇಳಿದಿದೆ, ವಾಸಿಯಾಗೋಕೆ ತಿಂಗಳುಗಟ್ಟಲೆ ಬೇಕು” ಅಂದು ಹೋದರು. ಸೊಸೆ ಲ್ಯಾಪ್‌ಟಾಪ್ ತೆರೆದಳು. ತಪ್ಪು ಹುಡುಕುವುದು ಕಷ್ಟವಾಗಲಿಲ್ಲ. ಪರೀಕ್ಷೆ ಮಾಡುವಾಗ ಕಾಯಲಾರದೆ, ಎರಡನೆಯ ಟೈಮರನ್ನು ಮೊದಲನೆಯದರಿಂದ ಬಿಡಿಸಿ, ನೇರ ಚಿಪ್‌ನ ವೇಗದ ಗಡಿಯಾರಕ್ಕೆ ಹಚ್ಚಿದ್ದಳು. ಆಮೇಲೆ ಪ್ರೋಗ್ರಾಮಿನಿಂದ ಆ ಸಾಲು ಅಳಿಸಿದಳು. ಹಳೆಯ ಜೋಡಣೆ ಮತ್ತೆ ಬರೆಯುವುದನ್ನು ಮರೆತಳು. ಮೊದಲನೆಯದು ಎಣಿಸಿದ್ದೇ ಎಣಿಸಿದ್ದು, ಕೇಳಿಸಿಕೊಳ್ಳಬೇಕಾದ ಎರಡನೆಯದು ಅಲ್ಲಾಡದೆ ಕೂತಿತ್ತು.

“ನನ್ನಿಂದಲೇ ಆಯ್ತು,” ಅಂದಳು. ಅಳು ತಡೆಯಲಾಗಲಿಲ್ಲ.

“ರಾತ್ರಿ ನಿದ್ದೆ ಬರದಿದ್ರೆ ಆ ದೀಪ ನೋಡ್ತಿದ್ದೆ,” ಅಂದ ಗಂಡ. “ನೀನು ಎದ್ದು ಕೂತು ನನ್ನ ನೋಡ್ಕೊಳ್ತಿದೀಯ ಅನ್ನಿಸ್ತಿತ್ತು.”

ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಜೋಡಣೆ ಸರಿ ಮಾಡಿ, ದೀಪವನ್ನು ಎರಡನೆಯದಕ್ಕೆ ಹಾಕಿದಳು. ಅದು ಒಮ್ಮೆ ಹೊತ್ತಿ ಆರಿತು. ಆಮೇಲೆ ಕತ್ತಲೆ.

“ಕೆಟ್ಟುಹೋಯ್ತೇನೆ?” ಅತ್ತೆ ಕೇಳಿದರು.

“ಇಲ್ಲ ಅತ್ತೆ. ಕಾಯಬೇಕು.”

“ಅದು ಕಾಯ್ಲಿ.” ಅತ್ತೆ ಸೆರಗು ಸಿಕ್ಕಿಸಿಕೊಂಡು ಮಗನನ್ನು ಹೊರಳಿಸಲು ಅವನಡಿ ಹಾಸಿದ್ದ ಬಟ್ಟೆಯ ಅಂಚು ಹಿಡಿದರು. “ನೀನು ಆ ಕಡೆ ಹಿಡ್ಕೋ.”

ಅವಳು ಹಿಡಿದುಕೊಂಡಳು.