ಸೋದರತ್ತೆ ಬೇಕಾಗಿದ್ದಾಳೆ

ದೇಶದಲ್ಲಿ ಇನ್ನು ನಲವತ್ತು ವರ್ಷಕ್ಕೆ ಎಷ್ಟು ಜನ ಇರುತ್ತಾರೆಂದು ಕೇಳಿ ನೋಡಿ, ದಾಕ್ಷಾಯಿಣಿ ಚಹಾ ಆರುವುದರೊಳಗೆ ಹೇಳಿಬಿಡುತ್ತಾಳೆ. ಅಂದಾಜು ನೂರಾ ಎಪ್ಪತ್ತು ಕೋಟಿಗೆ ಏರಿ, ಅಲ್ಲಿಂದ ಮೆಲ್ಲಗೆ ಇಳಿಮುಖ. ರಾಯಾಪುರದ ರಸ್ತೆ ಬದಿಯ ಸಣ್ಣದೊಂದು ಜನಸಂಖ್ಯಾ ಅಧ್ಯಯನ ಕಚೇರಿಯಲ್ಲಿ ಮೂವತ್ತು ವರ್ಷ ಇದೇ ಕೆಲಸ ಮಾಡಿದವಳು. ಹುಟ್ಟುವವರೆಷ್ಟು, ಹೋಗುವವರೆಷ್ಟು, ಮುದುಕರಾಗಿ ಉಳಿಯುವವರೆಷ್ಟು, ಎಲ್ಲ ಬೆರಳ ತುದಿಯಲ್ಲಿ. ತನ್ನ ಮನೆಯ ಲೆಕ್ಕ ಮಾತ್ರ ಬಹಳ ಸರಳ: ಒಂದು. ಮನೆಗೆ ಆರಾರು ಮಕ್ಕಳಿದ್ದ ಕಾಲದಲ್ಲಿ ಒಬ್ಬಳೇ ಹುಟ್ಟಿದಳು, ಮದುವೆ ಒಲ್ಲೆನೆಂದಳು, ಐವತ್ತೇಳರವರೆಗೆ ಹಾಯಾಗಿಯೇ ಇದ್ದಾಳೆ. ಇದರಲ್ಲಿ ಕನಿಕರ ಪಡುವಂಥದ್ದೇನೂ ಇಲ್ಲ. ಪಟ್ಟವರಿಗೆ ಅವಳು ಚೆನ್ನಾಗಿಯೇ ಬಿಸಿ ಮುಟ್ಟಿಸಿದ್ದಾಳೆ.

ಒಂದೇ ಒಂದು ಆಸೆ ಉಳಿದಿತ್ತು, ಅದನ್ನು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ. ಈ ಕಡೆ ಕೂಸಿಗೆ ಹೆಸರಿಡುವಾಗ ಸೋದರತ್ತೆ, ಅಂದರೆ ಅಪ್ಪನ ಅಕ್ಕನೋ ತಂಗಿಯೋ, ಕೂಸಿನ ತಲೆಗೆ ಕುಲಾವಿ ತರಬೇಕು. ತೊಟ್ಟಿಲಿಗೆ ಬಾಗಿ ಕಿವಿಯಲ್ಲಿ ಹೆಸರು ಹೇಳಬೇಕು. ಹೇಳಿದ್ದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ದಬದಬನೆ ಗುದ್ದುತ್ತಾರೆ. ಅವಳು ಸುಳ್ಳುಸುಳ್ಳೇ ಅಳುತ್ತಾಳೆ, ಮನೆಮಂದಿಯೆಲ್ಲ ನಗುತ್ತಾರೆ. ಆ ಗುದ್ದು ತಿನ್ನಬೇಕೆಂದು ದಾಕ್ಷಾಯಿಣಿಗೆ ಸಣ್ಣವಳಿದ್ದಾಗಿನಿಂದ ಆಸೆ. ಅಣ್ಣತಮ್ಮಂದಿರಿಲ್ಲದವಳಿಗೆ ಅದೆಲ್ಲಿಂದ ಬರಬೇಕು?

ಅವಳ ಕೈಕೆಳಗೆ ಕೆಲಸ ಮಾಡುವ ವಿಶಾಲನಿಗೆ ಹೆಣ್ಣು ಕೂಸು ಹುಟ್ಟಿತು. ಪೇಢೆ ಹಂಚಲು ಅವನ ತಾಯಿ ದಾನವ್ವನೇ ಕಚೇರಿಗೆ ಬಂದಳು. ಬಂದವಳು ಡಬ್ಬಿಯನ್ನು ಮೇಜಿನ ಮೇಲಿಟ್ಟು ತಲೆಗೆ ಕೈ ಹಚ್ಚಿ ಕೂತಳು.

“ಇಂವ ನನಗ ಒಬ್ಬಾವ ಮಗ ನೋಡ್ರಿ. ಕೂಸಿಗಿ ಸ್ವಾದರತ್ತಿನ ಇಲ್ಲ. ಹೆಸರು ಹೇಳಾವ್ರು ಯಾರು?”

“ಇದು ನಿಮ್ಮೊಬ್ಬರ ಮನಿ ಕತಿ ಅಲ್ರಿ,” ಎಂದು ದಾಕ್ಷಾಯಿಣಿ ಕಂಪ್ಯೂಟರಿನ ಮುಖ ತಿರುಗಿಸಿ ಹುಟ್ಟುವವರ ಲೆಕ್ಕದ ಇಳಿಯುತ್ತಿದ್ದ ಗೆರೆ ತೋರಿಸಿದಳು. “ಮನಿಗೊಂದ ಕೂಸು ಆದ್ರ, ಅತ್ತಿ ಇಲ್ಲದವು, ಮಾಮಾ ಇಲ್ಲದವು ಮುಂದ ಭಾಳ ಆಗ್ತಾವ. ಎರಡು ಸಾವಿರದ ಐವತ್ತರ ಹೊತ್ತಿಗೆ…”

“ಐವತ್ತರ ಮಾತು ಬಿಡ್ರಿ ಮೇಡಮ್ಮಾರ. ನನಗ ಬರೋ ರವಿವಾರಕ್ಕ ಒಬ್ಬಾಕಿ ಬೇಕು.”

ಪಕ್ಕದ ಮೇಜಿನಲ್ಲಿ ಅಂಕಿಸಂಖ್ಯೆ ತುಂಬುತ್ತಿದ್ದ ಕಮರುದ್ದೀನ ಬಾಯಲ್ಲಿ ಪೇಢೆ ಇಟ್ಟುಕೊಂಡೇ ನಕ್ಕುಬಿಟ್ಟ. ‘ನಾನಾಗಲೇನ್ರಿ’ ಎಂಬ ಮಾತು ದಾಕ್ಷಾಯಿಣಿಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ರಕ್ತಸಂಬಂಧದ ಹಕ್ಕು ಅದು, ಕೇಳಿ ಪಡೆಯುವಂಥದ್ದಲ್ಲ. ಕಡೆಗೆ ದಾನವ್ವನೇ ದಾರಿ ಹುಡುಕಿದಳು. ಗೋಕುಲ ರಸ್ತೆಯಲ್ಲಿ ವಿಶಾಲನ ಕಾಕಾನ ಮಗಳು ಐಶ್ವರ್ಯಾ ಇದ್ದಳಲ್ಲ, ಅವಳೂ ತಂಗಿಯೇ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ವಾರ ದಾಕ್ಷಾಯಿಣಿ ಒಂದು ಹುಚ್ಚು ಕೆಲಸ ಮಾಡಿದಳು. ಉಟ್ಟು ಉಟ್ಟು ಮೆತ್ತಗಾದ ತಾಯಿಯ ಇಳಕಲ್ ಸೀರೆ ಕತ್ತರಿಸಿ, ಅಂಗೈಯಷ್ಟಗಲದ ಕುಲಾವಿ ಹೊಲಿದಳು. ಹೊಲಿದದ್ದನ್ನು ಕೈಚೀಲದ ತಳಕ್ಕೆ ಹಾಕಿಟ್ಟಳು.

ರವಿವಾರ ಕೇಶ್ವಾಪುರದಲ್ಲಿ, ವಿಶಾಲನ ಹೆಂಡತಿ ಕಾವೇರಿಯ ತವರುಮನೆಯಲ್ಲಿ ತೊಟ್ಟಿಲು ಕಟ್ಟಿದ್ದರು. ಬುಟ್ಟಿ ತುಂಬ ಗುಗ್ಗರಿ ಇತ್ತು, ಮನೆ ತುಂಬ ಹೆಂಗಸರಿದ್ದರು. ಐಶ್ವರ್ಯಾ ಬಂದವಳೇ ದಾನವ್ವನ ಕಿವಿಯಲ್ಲಿ ಏನೋ ಹೇಳಿದಳು. ದಾನವ್ವನ ಮುಖ ಅರಳಿತು, ಮರುಕ್ಷಣ ಬಾಡಿತು. ಐಶ್ವರ್ಯಾಗೆ ಎರಡು ತಿಂಗಳು. ನಿನ್ನೆಯಷ್ಟೇ ಗೊತ್ತಾಗಿ, ಡಾಕ್ಟರು ಜೋಪಾನ ಎಂದಿದ್ದಾರೆ. ಆ ಗಡಿಬಿಡಿಯಲ್ಲಿ ಕುಲಾವಿಯನ್ನೂ ಮರೆತು ಬಂದಿದ್ದಾಳೆ. ಬಸುರಿಯ ಬೆನ್ನಿಗೆ ಗುದ್ದುವವರುಂಟೆ? ಗುದ್ದಿಲ್ಲದೆ ಇಟ್ಟದ್ದು ಎಂಥ ಹೆಸರು?

“ಅತ್ತಿನೂ ಇಲ್ಲ, ಕುಲಾವಿನೂ ಇಲ್ಲ! ಏನ ಮಾಡ್ಲಿ ಈಗ?” ಎಂದಳು ದಾನವ್ವ.

ಮೂಲೆಯಲ್ಲಿ ನಿಂತಿದ್ದ ದಾಕ್ಷಾಯಿಣಿಯ ಕೈ ತಾನಾಗಿಯೇ ಚೀಲದೊಳಗೆ ಹೋಯಿತು. “ಕುಲಾವಿ ಐತ್ರಿ,” ಎಂದಳು. “ಸುಮ್ನ ಹೊಲಿದಿದ್ದೆ. ಇಟಗೋರಿ.”

ದಾನವ್ವ ಅದನ್ನು ತಿರುವಿ ತಿರುವಿ ನೋಡಿದಳು, ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು. ಮತ್ತೆ ಮುಖ ಎತ್ತಿ ದಾಕ್ಷಾಯಿಣಿಯನ್ನೇ ನೋಡಿದಳು. ಇಷ್ಟು ವರ್ಷ ಮುಚ್ಚಿಟ್ಟದ್ದು ಆ ಮುಖದ ಮೇಲೆ ಅಚ್ಚೊತ್ತಿದಂತೆ ಇತ್ತು.

“ಕುಲಾವಿ ತಂದಾಕೀನ ಅತ್ತಿ. ಬರ್ರಿ ಮುಂದ.”

“ನಾ ನಿಮ್ಮ ಸಂಬಂಧಿಕಾಕಿ ಅಲ್ರಿ…”

“ವಿಶಾಲಗ ಅಕ್ಕ ಆಗ್ರಿ, ನನಗ ಮಗಳಾಗ್ರಿ. ಅಷ್ಟ!”

ದಾನವ್ವನಿಗೆ ಅರವತ್ತೈದು. ಮಗಳಿಗಿಂತ ಎಂಟೇ ವರ್ಷಕ್ಕೆ ಹಿರಿಯಳಾದ ತಾಯಿ ಯಾವ ಜನಗಣತಿಯಲ್ಲೂ ಸಿಗಲಾರಳು. ದಾಕ್ಷಾಯಿಣಿಗೆ ಕಣ್ಣು ತುಂಬಿ ಬಂತು. ಕಾಣಬಾರದೆಂದು ಲಗುಬಗೆಯಿಂದ ತೊಟ್ಟಿಲಿಗೆ ಬಾಗಿ, ಕೂಸಿಗೆ ಕುಲಾವಿ ಕಟ್ಟಿ, ಮನೆಯವರು ಗೊತ್ತುಮಾಡಿದ್ದ ಹೆಸರನ್ನು ಅದರ ಕಿವಿಯಲ್ಲಿ ಹೇಳಿದಳು: “ನೀಲಾಂಬಿಕಾ.” ಕೂಸು ಆಕಳಿಸಿತು.

ಬೆನ್ನ ಮೇಲೆ ಮಾತ್ರ ಏನೂ ಬೀಳಲಿಲ್ಲ. ವಿಶಾಲನ ಮೇಲಧಿಕಾರಿಗೆ ಗುದ್ದುವ ಧೈರ್ಯ ಯಾರಿಗಿದೆ? ಯಾರೋ ನಾಲ್ಕು ಬೆರಳು ತಾಗಿಸಿದಂತಾಯಿತು.

“ಏನ್ರಿ ಇದು, ಹೂವು ಮುಟ್ಟಿಧಾಂಗ?” ಬಾಗಿದಲ್ಲಿಂದಲೇ ದಾಕ್ಷಾಯಿಣಿ ಒದರಿದಳು. “ಐವತ್ತು ವರ್ಷ ಕಾದೇನಿ. ಗುದ್ರಿ ಗಟ್ಟಿ!”

ಗುದ್ದಿದರು. ಮೊದಲು ಕಾವೇರಿಯ ತಾಯಿ, ಆಮೇಲೆ ದಾನವ್ವ, ಆಮೇಲೆ ಯಾರ್ಯಾರೋ. ತನ್ನ ಪಾಲಿನ ಗುದ್ದು ತಪ್ಪಿದ ಐಶ್ವರ್ಯಾಳಂತೂ ಎರಡು ಹೆಚ್ಚೇ ಕೊಟ್ಟಳು. “ಸತ್ತೆನೋ ಯವ್ವಾ!” ಎಂದು ದಾಕ್ಷಾಯಿಣಿ ಕೂಗಿದಳು, ನಗುತ್ತ ಅತ್ತಳು. ಆ ಅಳು ಸುಳ್ಳಿನದಾಗಿರಲಿಲ್ಲ.

ಸೋಮವಾರ ಕಚೇರಿಯಲ್ಲಿ ನೆಟ್ಟಗೆ ಕೂರಲಾಗದೆ ಒದ್ದಾಡುತ್ತಿದ್ದಾಗ ಫೋನು ಬಂತು.

“ದಾಕ್ಷಾಯಿಣಿ, ನಾ ನಿಮ್ಮವ್ವ ಮಾತಾಡಾಕತ್ತೇನಿ.” ‘ಮೇಡಮ್ಮಾರ’ ಹೋಗಿತ್ತು, ‘ರಿ’ಯೂ ಹೋಗಿತ್ತು. “ಮುಂದ ಜಾವಳ ಬರ್ತೈತಿ. ಕೂಸಿನ ಮೊದಲನೇ ಕೂದಲಾ ಸ್ವಾದರಮಾವ ಕತ್ತರಸ್ಬೇಕು. ಕಾವೇರಿಗೂ ಅಣ್ಣತಮ್ಮ ಇಲ್ಲ. ನಿನ್ನ ಲೆಕ್ಕದಾಗ ಯಾರರ ಅದಾರನು ನೋಡು.”

ದಾಕ್ಷಾಯಿಣಿ ಕಂಪ್ಯೂಟರಿನಲ್ಲಿ ಇಳಿಯುತ್ತಿದ್ದ ಗೆರೆ ನೋಡಿದಳು. ಆಮೇಲೆ ಪಕ್ಕದ ಮೇಜು ನೋಡಿದಳು.

“ಕಮರುದ್ದೀನ, ಕತ್ತರಿ ಹಿಡಿಯಾಕ ಬರ್ತದೇನು?”

ವಿಷಯ ಕೇಳಿ ಕಮರುದ್ದೀನ ಕೀಲಿಮಣೆಯಿಂದ ಕೈ ತೆಗೆದ. ಅಂಗಿಯ ತೋಳು ಸರಿಮಾಡಿಕೊಂಡ, ಕೆಮ್ಮಿದ.

“ಬರ್ತದ್ರಿ. ಆದ್ರ ನನ್ನ ಬೆನ್ನಿಗೂ ಗುದ್ದತಾರೇನ್ರಿ?”

“ನಿನಗಿಲ್ಲೋ. ಗುದ್ದು ಅತ್ತಿಗಿ ಅಷ್ಟ,” ಎಂದಳು ದಾಕ್ಷಾಯಿಣಿ, ನೋಯುವ ಬೆನ್ನನ್ನು ಮೆಲ್ಲಗೆ ಕುರ್ಚಿಗೆ ಒರಗಿಸುತ್ತ.