ಎಂಟು ದಿನ ಬಿಟ್ಟು ಹೇಳುವ ಚಿತ್ತಮ್ಮ

ಚಿತ್ತಮ್ಮ ನಡೆದು ಬರುವುದನ್ನು ದೂರದಿಂದ ನೋಡಿದವರಿಗೆ ಆಕೆಯ ಎಡಸೊಂಟದ ಮೇಲೆ ಮಗುವೊಂದು ಕುಳಿತಿದೆಯೆಂಬ ಭ್ರಮೆ ಹುಟ್ಟದೆ ಇರದು. ಹತ್ತಿರ ಬಂದ ಮೇಲೆ ನೋಡಿದರೆ ಅಲ್ಲಿ ಯಾರೂ ಇರುವುದಿಲ್ಲ. ಸೊಂಟ ಮಾತ್ರ ಎಡಕ್ಕೆ ಚಾಚಿಕೊಂಡು, ಎಡಗೈ ಯಾರದೋ ಬೆನ್ನನ್ನು ಬಳಸಿದಂತೆ ಬಾಗಿಕೊಂಡಿರುತ್ತದೆ. ತವರಿನಲ್ಲಿ ಕುರಿಮರಿಗಳನ್ನು ಹೊತ್ತು, ಮದುವೆಯಾದ ಮೇಲೆ ಮಗಳು ಕಾವ್ಯಶ್ರೀಯನ್ನು ಹೊತ್ತು, ಆಮೇಲೆ ಮಗ ಜಂಪಣ್ಣನನ್ನು ಹೊತ್ತು, ಆ ದೇಹವು ಭಾರವನ್ನೇ ತನ್ನ ಸಹಜಭಂಗಿಯೆಂದು ಒಪ್ಪಿಕೊಂಡುಬಿಟ್ಟಿದೆ. "ನೆಟ್ಟಗೆ ನಡಿಯೇ, ನಲವತ್ತಕ್ಕೆ ಬೆನ್ನು ಹಿಡ್ಕಂಡು ಕೂರ್ತೀಯ" ಎಂದು ನಾನು ಗದರಿದರೆ, "ಅದಿರ್ಲಿ ಬಿಡ್ರಿ ಡಾಕ್ಟ್ರಮ್ಮ" ಎಂದು ಆ ಮಾತನ್ನು ಅಲ್ಲಿಗೇ ಮುಗಿಸುತ್ತಿದ್ದಳು. ಜಗತ್ತಿನ ಅರ್ಧ ಸಮಸ್ಯೆಗಳಿಗೆ ಅವಳ ಉತ್ತರ ಅದೇ.

ಅವಳು ನನ್ನನ್ನು ಡಾಕ್ಟ್ರಮ್ಮ ಎನ್ನುವುದು ಸರಿಯೇ, ಆದರೆ ನಾನು ಮನುಷ್ಯರ ಡಾಕ್ಟರಲ್ಲ. ಹೊಳಲ್ಕೆರೆಯವಳಾದ ನಾನು ಒಂಬತ್ತು ವರ್ಷಗಳಿಂದ ಧರ್ಮಪುರ ಸೀಮೆಯ ಕುರಿ, ಮೇಕೆ, ಎಮ್ಮೆಗಳ ಬಾಯಿ ತೆರೆಸಿ ನೋಡಿಕೊಂಡು ಬಂದಿರುವ ಪಶುವೈದ್ಯೆ. ನನ್ನ ಬಾಯಿ ಜೋರು ಎಂದು ಇಲ್ಲಿನ ಜನ ಹೇಳುತ್ತಾರೆ. ಅದರಲ್ಲಿ ಸುಳ್ಳೇನಿಲ್ಲ. ಅಂಥ ನನ್ನ ಬಾಯಿಯನ್ನು ಮೊದಲ ಭೇಟಿಯಲ್ಲೇ ಕಟ್ಟಿಹಾಕಿದವಳು ಈ ಚಿತ್ತಮ್ಮ.

ಆಗಿನ್ನೂ ಕಾವ್ಯಶ್ರೀ ಕೈಗೂಸು. ಚಿತ್ತಮ್ಮನ ಗಂಡ ಓಬಳೇಶನ ಎಂಬತ್ತು ಕುರಿಗಳಲ್ಲಿ ಗಬ್ಬವಾದವು ಎಷ್ಟು ಎಂದು ನೋಡಲು ನಾನು ಸ್ಕ್ಯಾನಿಂಗ್ ಯಂತ್ರವನ್ನು ಹೊತ್ತು ಅವರ ಹಟ್ಟಿಗೆ ಹೋಗಿದ್ದೆ. ಸೀರೆಯ ಮೇಲೆ ಗಂಡನ ತುಂಬುತೋಳಿನ ಆಕಾಶನೀಲಿ ಅಂಗಿ ತೊಟ್ಟಿದ್ದ ಈ ಹೆಂಗಸು ಒಂದೊಂದು ಕುರಿಯ ಹೊಟ್ಟೆಯ ಕೆಳಗೆ, ಕೆಚ್ಚಲಿನ ಮುಂದೆ, ಎರಡೂ ಅಂಗೈ ಜೋಡಿಸಿಟ್ಟು, ಮಲಗಿದ ಮಗುವನ್ನು ಎಬ್ಬಿಸದೆ ತಲೆದಿಂಬು ಸರಿಪಡಿಸುವ ತಾಯಿಯಂತೆ ಒಂದಿಷ್ಟು ಮೇಲೆತ್ತಿ, ಕಣ್ಣುಮುಚ್ಚಿ ನಿಂತು, ಬಿಡುತ್ತಿದ್ದಳು. "ಗಬ್ಬ ಐತೇನೇ?" ಎಂದರೆ ಹೇಳಲಿಲ್ಲ. "ಎಂಟು ದಿನ ಬಿಟ್ಟು ಹೇಳ್ತೀನಿ" ಎಂದಳು. ಮೊದಲ ಸಲ ಮುಟ್ಟಿದಾಗ ಏನನ್ನೂ ಹೇಳಬಾರದು, ಎಂಟು ದಿನ ಬಿಟ್ಟು ಮತ್ತೊಮ್ಮೆ ಮುಟ್ಟಿಯೇ ಹೇಳಬೇಕು ಎಂಬುದು ಅವಳ ಹಟದ ಪದ್ಧತಿ. ನನ್ನ ಯಂತ್ರ ಅಲ್ಲೇ ಹೇಳಿತು: ಇಪ್ಪತ್ತೊಂದು. ಅವಳು ಎಂಟು ದಿನ ಬಿಟ್ಟು ಹೇಳಿದಳು: ಇಪ್ಪತ್ತಮೂರು. ಈದದ್ದು ಇಪ್ಪತ್ತಮೂರೇ.

ಗಬ್ಬ ಖಚಿತವಾದ ಕುರಿಯ ಕೊರಳಿಗೆ ಅವಳು ಹಳೆ ಸೀರೆಯಿಂದ ಹರಿದ ಕೆಂಪು ಬಟ್ಟೆಯ ಪಟ್ಟಿಯೊಂದನ್ನು ಕಟ್ಟುತ್ತಾಳೆ. ಕಟ್ಟಿದ ಮೇಲೆ ಆ ಕುರಿಯನ್ನು ಮಾರುವಂತಿಲ್ಲ, ಹೊಡೆಯುವಂತಿಲ್ಲ, ದೂರ ಅಟ್ಟುವಂತಿಲ್ಲ. ಶೇಂಗಾ ಹೊಟ್ಟಿನಲ್ಲಿ ಅದಕ್ಕೆ ಮೊದಲ ಪಾಲು. ಹಿರಿಯೂರಿನ ವ್ಯಾಪಾರಿಗಳೂ ಆ ಕೆಂಪು ಕಂಡರೆ ಬೆಲೆ ಕೇಳದೆ ಮುಂದಿನ ಕುರಿಗೆ ಹೋಗುತ್ತಾರೆ. ಆಕಾಶನೀಲಿ ಅಂಗಿಯ ಜೇಬಿನಲ್ಲಿ ಇಂಥ ನಾಲ್ಕಾರು ಪಟ್ಟಿಗಳು, ಜಂಪಣ್ಣನಿಗೊಂದು ಬಿಸ್ಕತ್ತು, ಯಾವಾಗಲೂ ಇರುತ್ತವೆ.

ಕೈಯಷ್ಟೇ ಖ್ಯಾತವಾದದ್ದು ಅವಳ ಮೂಗು. ಎರಡು ವರ್ಷದ ಕೆಳಗೆ ಮಳೆಗಾಲದಲ್ಲಿ, ಒಂದು ಕುರಿಯೂ ಕುಂಟುವ ಮೊದಲೇ, "ಗೊರಸು ಕೊಳೀತೈತೆ, ವಾಸ್ನೆ ಬರ್ತೈತೆ" ಎಂದು ನನ್ನನ್ನು ಎಳೆದುಕೊಂಡು ಹೋಗಿ ಅರ್ಧ ಮಂದೆಯನ್ನು ಉಳಿಸಿದ್ದಳು. ಅವತ್ತೇ ನಾನು ನಿರ್ಧರಿಸಿದ್ದು, ಇವಳನ್ನು ಪಶುಸಖಿ ಮಾಡಬೇಕು ಎಂದು. ಚಿತ್ರದುರ್ಗದಲ್ಲಿ ಹದಿನಾರು ದಿನದ ತರಬೇತಿ. ಮುಗಿದರೆ ಗುರುತಿನ ಚೀಟಿ, ಔಷಧಿಯ ಚೀಲ, ಸುತ್ತಲ ಹಟ್ಟಿಗಳಲ್ಲಿ ಅಧಿಕಾರದಿಂದ ಕುರಿ ಮುಟ್ಟುವ ಹಕ್ಕು. ಎಸ್ಸೆಸ್ಸೆಲ್ಸಿ ಪಾಸಾಗಿ ಹನ್ನೆರಡು ವರ್ಷ ಪೆಟ್ಟಿಗೆಯ ತಳದಲ್ಲಿದ್ದ ಅಂಕಪಟ್ಟಿಯನ್ನು ಅವಳು ಸೆರಗಿನಿಂದ ಒರೆಸಿ ತಂದುಕೊಟ್ಟಳು. "ಚೀಲದ ಮ್ಯಾಲೆ ನನ್ ಹೆಸ್ರು ಇರ್ತೈತಾ?" ಎಂದು ಮೂರು ಸಲ ಕೇಳಿದಳು. ಜಂಪಣ್ಣ ಹಾಲು ಬಿಡಲಿ, ಈ ವರ್ಷದ ಅಕ್ಟೋಬರಿನ ತಂಡಕ್ಕೆ ಹೋಗುವುದು ಎಂದು ಮಾತಾಯಿತು.

ಆಗಸ್ಟಿನ ಒಂದು ಬೆಳಿಗ್ಗೆ ಬಸ್ಸಿಳಿದು ಸೀದಾ ಧರ್ಮಪುರದ ನನ್ನ ಪಶು ಆಸ್ಪತ್ರೆಗೆ ಬಂದಳು. ಮುಖ ಬಾಡಿತ್ತು.

"ಡಾಕ್ಟ್ರಮ್ಮ, ಕುರಿಗೇನೋ ರೋಗ ಬಡ್ದೈತೆ. ರೊಪ್ಪದ ಬಾಗ್ಲಿಗೆ ಹೋದ್ರೆ ಹೊಟ್ಟೆ ತೊಳಸ್ತೈತೆ. ಹುಟ್ಟಿದಾಗಿಂದ ಕುರಿ ಜತಿಗೆ ಇದ್ದೀನಿ, ಇಂಥಾ ವಾಸ್ನೆ ನೋಡಿಲ್ಲ."

ಆ ಮೂಗಿನ ಮೇಲೆ ನನಗಿದ್ದ ಭಕ್ತಿ ಸಾಮಾನ್ಯದ್ದಲ್ಲ. ಬೇರೆ ಯಾರಾದರೂ ಹೇಳಿದ್ದರೆ ಬೈದು ಕಳಿಸುತ್ತಿದ್ದೆನೋ ಏನೋ. ಚಿತ್ತಮ್ಮ ಹೇಳಿದಳೆಂದು ಬೈಕೇರಿ ಹೊರಟೆ. ಅರ್ಧ ದಿನ ಕುರಿ ಕೂಡುವ ಆ ರೊಪ್ಪದೊಳಗೆ, ಮೊಣಕಾಲುದ್ದ ಗೊಬ್ಬರದಲ್ಲಿ ನಿಂತು, ಓಬಳೇಶ ಹಿಡಿದುಕೊಟ್ಟ ಒಂದೊಂದು ಕುರಿಯ ಜ್ವರ ನೋಡಿದೆ, ವಸಡು ನೋಡಿದೆ, ಗೊರಸಿನ ಸಂದಿಗೆ ಮೂಗಿಟ್ಟು ನೋಡಿದೆ, ಹಿಕ್ಕೆಯನ್ನು ಡಬ್ಬಿಗೆ ತುಂಬಿಕೊಂಡೆ. ಕುರಿಗಳು ಕಲ್ಲುಗುಂಡಿನ ಹಾಗಿದ್ದವು. ಚಿತ್ತಮ್ಮ ಮಾತ್ರ ಒಳಗೆ ಬರಲಾರದೆ, ಮೂಗಿಗೆ ಸೆರಗೊತ್ತಿಕೊಂಡು, ಹೊಂಗೆಮರದ ಬುಡದಲ್ಲಿ ಎರಡು ಸಲ ವಾಂತಿ ಮಾಡಿಕೊಂಡಳು.

ಅಂಗಳದಲ್ಲಿ ಶೇಂಗಾ ಸುಲಿಯುತ್ತಾ ಕುಳಿತಿದ್ದ ಅವಳ ಅತ್ತೆ ಸಿದ್ದಕ್ಕ ಅಷ್ಟು ಹೊತ್ತೂ ನನ್ನ ಪರದಾಟವನ್ನು ನೋಡುತ್ತಿದ್ದವಳು ಕೊನೆಗೆ ಬಾಯಿ ಬಿಟ್ಟಳು:

"ಡಾಕ್ಟ್ರಮ್ಮ, ಎಂಬತ್ತನ್ನೂ ನೋಡಿದ್ರಿ. ಹೊಂಗೆಮರದ ಕೆಳಗಿಂದು ಒಂದು ಉಳ್ಕಂಡೈತೆ, ಅದನ್ನೊಂದು ನೋಡ್ರಿ."

ನನಗೆ ತಿಳಿಯಲಿಲ್ಲ. ಮುದುಕಿ ಜಂಪಣ್ಣನ ಕಡೆಗೆ ಗಲ್ಲ ತೋರಿಸಿದಳು. ಹದಿನೈದು ತಿಂಗಳ ಆ ಪುಟ್ಟ ಗೃಹಸ್ಥ ಅಂಗಳದ ಮಧ್ಯೆ ಬಗ್ಗಿ, ತಲೆಯನ್ನು ಎರಡು ಕಾಲಿನ ನಡುವೆ ತೂರಿಸಿ, ಹಿಂದಿನ ಲೋಕವನ್ನು ತಲೆಕೆಳಗಾಗಿ ನೋಡುತ್ತಿದ್ದ. "ನಾಕು ದಿನದಿಂದ ಹಿಂಗೇ ಬಗ್ಗಿ ಬಗ್ಗಿ ನೋಡ್ತಾನೆ. ತನ್ ಬೆನ್ನಿಂದೆ ಯಾರೋ ಬರ್ತಾರೆ ಅಂತ ಅವ್ನಿಗೆ ಗೊತ್ತಾಗೈತೆ. ನಿಮ್ಮಿಬ್ರಿಗೂ ಗೊತ್ತಾಗಿಲ್ಲ!"

ಆಹಾ, ಎಂಥ ಪಾಂಡಿತ್ಯ ನಮ್ಮದು! ಐದು ವರ್ಷದ ಪದವಿ ಓದಿದ ನಾನು, ಕಣ್ಣುಮುಚ್ಚಿ ಗಬ್ಬ ಹೇಳುವ ಚಿತ್ತಮ್ಮ, ಇಬ್ಬರೂ ಸೇರಿ ಬಸುರಿಯ ಓಕರಿಕೆಗೆ ಎಂಬತ್ತು ಕುರಿಗಳ ಜ್ವರ ನೋಡಿದ್ದೆವು. ನನಗೆ ನಗು ಬಂತು. ಚಿತ್ತಮ್ಮನ ಮುಖ ನೋಡಿ ನಗು ನಿಂತುಹೋಯಿತು.

"ಹಾಲು ಕುಡಿಸ್ತಿದ್ದೀನಲ್ಲ ಅತ್ತೆ, ಮುಟ್ಟೇ ಬಂದಿಲ್ಲ ಇನ್ನೂ. ಕುಡಿಸೋತನ್ಕ ಆಗಲ್ಲ ಅಂತಾರಲ್ಲ" ಎಂದಳು. ಎಷ್ಟೋ ತಾಯಂದಿರು ನಂಬಿ ಕೆಟ್ಟ ಮಾತು ಅದು. ಆಶಾ ಕಾರ್ಯಕರ್ತೆ ಏಕಾಂತಮ್ಮ ಸಂಜೆ ಬಂದು ಪರೀಕ್ಷೆ ಮಾಡಿಸಿದಳು. ಎರಡು ಗೆರೆ ಮೂಡಿದವು. ಚಿತ್ತಮ್ಮ ಆ ಗೆರೆಗಳನ್ನೇ ನೋಡುತ್ತಾ ಕುಳಿತಳು. ಒಂದು ಸೊಂಟಕ್ಕೆ ಜಂಪಣ್ಣ ಅಂಟಿಕೊಂಡಿದ್ದ, ಇನ್ನೊಂದು ಕಡೆಯಿಂದ ಕಾವ್ಯಶ್ರೀ ಸೆರಗೆಳೆಯುತ್ತಿದ್ದಳು.

"ಸೊಂಟ ಇರಾವು ಎರ್ಡೇ ಡಾಕ್ಟ್ರಮ್ಮ. ಮೂರ್ನೇದನ್ನ ಎಲ್ಲಿ ಇಟ್ಕಳ್ಲಿ?"

ಆಮೇಲೆ ಮೆಲ್ಲಗೆ, "ಆ ಚೀಲ ಇನ್ನ್ ಬ್ಯಾರೆಯವ್ರಿಗೆ ಕೊಡ್ತಾರೇನೋ" ಎಂದಳು. ನನಗೆ ಸಂಕಟವಾಯಿತು.

ಸೋಮವಾರ ಅವಳನ್ನು ಹಿರಿಯೂರಿನ ಹೆಂಗಸರ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹತ್ತು ವಾರ ಎಂದರು. ಇಟ್ಟುಕೊಂಡರೆ ಏನೇನು ಜೋಪಾನ, ಬೇಡವಾದರೆ ಕಾನೂನಿನಲ್ಲಿ ಏನು ದಾರಿ, ಎರಡನ್ನೂ ಆ ಡಾಕ್ಟರು ಸಮಾಧಾನವಾಗಿ ಬಿಡಿಸಿ ಹೇಳಿದರು. ಮರಳುವ ಬಸ್ಸಿನಲ್ಲಿ ನಾನೂ ಹೇಳಿದೆ: ಯಾವುದನ್ನು ಆರಿಸಿಕೊಂಡರೂ ಪಾಪವಿಲ್ಲ, ಯಾರ ಮುಖವನ್ನೂ ನೋಡಬೇಡ, ನಿನ್ನ ಮೈ, ನಿನ್ನ ಮಾತು. ಅವಳು ಕಿಟಕಿಯ ಹೊರಗಿನ ಶೇಂಗಾ ಹೊಲಗಳನ್ನು ನೋಡುತ್ತಾ ಕೇಳಿಸಿಕೊಂಡಳು.

"ಎಂಟು ದಿನ ಬಿಟ್ಟು ಹೇಳ್ತೀನಿ. ಅಲ್ಲೀತನ್ಕ ಯಾರೂ ಕೇಳ್ಬ್ಯಾಡ್ರಿ."

ಮನೆಯವರಿಗೂ ಅದನ್ನೇ ಹೇಳಿದಳು. ಆ ಎಂಟು ದಿನ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಲಸಿಕೆಯ ನೆಪ, ಹಿಕ್ಕೆಯ ವರದಿಯ ನೆಪ, ಏನಾದರೊಂದು ಹೇಳಿಕೊಂಡು ಆ ಹಟ್ಟಿಗೆ ಹೋಗುವುದು, ಕೇಳಬಾರದ ಪ್ರಶ್ನೆಯನ್ನು ನುಂಗಿಕೊಂಡು ಟೀ ಕುಡಿದು ಬರುವುದು. ಹುಟ್ಟಿದಾಗಿನಿಂದ ಬಾಯಿಗೆ ಬೀಗ ಹಾಕಿ ಗೊತ್ತಿಲ್ಲದ ಸಿದ್ದಕ್ಕ ಸಹ ಒಂದು ಮಾತಾಡಲಿಲ್ಲ. ಶೇಂಗಾ ಮಾತ್ರ ಸಿಡಿಸಿ ಸಿಡಿಸಿ ಸುಲಿಯುತ್ತಿದ್ದಳು.

ನಾಲ್ಕನೆಯ ದಿನ ಹೋದಾಗ ಚಿತ್ತಮ್ಮ ಅಳುತ್ತಿದ್ದಳು. ನಾನು ಅವಳ ಕಣ್ಣೀರನ್ನು ಅದಕ್ಕೆ ಮುಂಚೆ ಕಂಡವಳಲ್ಲ. ಬೆಳಿಗ್ಗೆ ಮೊಲೆಗೆ ಬಾಯಿಟ್ಟ ಜಂಪಣ್ಣ ಮುಖ ಕಿವುಚಿ ತಿರುಗಿಸಿಕೊಂಡಿದ್ದನಂತೆ. ಮತ್ತೆ ಕರೆದರೂ ಬರಲಿಲ್ಲವಂತೆ.

"ಹಾಲಿನ ರುಚಿ ಕೆಟ್ಟೋಗೈತೆ. ಒಂದ್ ಮಾತು ಕೇಳ್ದಂಗೆ ಇವ್ನ ಪಾಲು ಕಿತ್ಕಂಡೆ ಡಾಕ್ಟ್ರಮ್ಮ. ಕುರಿಗಾದ್ರೆ ಮರಿಗೆ ಹಾಲು ಬಿಡ್ಸಿದ ಮ್ಯಾಲೇ ಟಗರು ಬಿಡ್ತೀವಿ."

ಅಷ್ಟರಲ್ಲಿ ಮಂದೆ ಹೊರಡಿಸಲು ನಿಂತಿದ್ದ ಓಬಳೇಶ ಬಂದ. ಮೂರು ಮಾತು ಆಡಬೇಕಾದಲ್ಲಿ ಒಂದನ್ನೂ ಆಡದ ಮನುಷ್ಯ. ದಾರಿಯಲ್ಲಿ ಈದ ಕುರಿಯ ಮರಿಗಳನ್ನು ಹೊತ್ತು ತರಲು ಕಂಬಳಿಯನ್ನು ಜೋಳಿಗೆಯಂತೆ ಹೆಗಲಿಗೆ ಕಟ್ಟಿಕೊಳ್ಳುತ್ತಾನಲ್ಲ, ಆ ಜೋಳಿಗೆಗೆ ಜಂಪಣ್ಣನನ್ನು ಇಳಿಸಿದ. ರಾಗಿ ಅಂಬಲಿಯ ಡಬ್ಬಿಯನ್ನು ಪಕ್ಕದಲ್ಲಿ ತುರುಕಿದ. "ಇವ್ನು ನನ್ ಜತಿಗೆ ಬರ್ತಾನೆ" ಎಂದವನೇ ಕುರಿ ಹೊಡೆದುಕೊಂಡು ಗುಡ್ಡದ ಕಡೆ ನಡೆದುಬಿಟ್ಟ. ಅವನು ಮರಿ ಹೊತ್ತದ್ದನ್ನು ನೂರು ಸಲ ನೋಡಿದ್ದೆ, ಮಗು ಹೊತ್ತದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಕಂಬಳಿಯಿಂದ ಇಣುಕಿದ ಜಂಪಣ್ಣನ ತಲೆ ಮರೆಯಾಗುವವರೆಗೆ ಚಿತ್ತಮ್ಮ ನೋಡುತ್ತಲೇ ನಿಂತಿದ್ದಳು. ಮರುದಿನವೂ ಅವನು ಹಾಗೇ ಹೊತ್ತುಕೊಂಡು ಹೋದನಂತೆ, ಅದರ ಮರುದಿನವೂ.

ಎಂಟನೆಯ ದಿನ ನಾನು ಹಟ್ಟಿಗೆ ಹೋಗಲಿಲ್ಲ; ಧೈರ್ಯ ಸಾಲಲಿಲ್ಲ. ಹತ್ತು ಗಂಟೆಯ ಬಸ್ಸಿಗೆ ಅವರೇ ಬಂದರು. ಓಬಳೇಶನ ಕಂಬಳಿಯಲ್ಲಿ ಜಂಪಣ್ಣ, ಅಪ್ಪನ ಕೈಹಿಡಿದು ಕಾವ್ಯಶ್ರೀ, ಮುಂದೆ ಚಿತ್ತಮ್ಮ. ಆಕಾಶನೀಲಿ ಅಂಗಿಯ ಕಾಲರಿನೊಳಗೆ, ತಾಳಿಯ ಪಕ್ಕದಲ್ಲಿ, ಒಂದು ಕೆಂಪು ಬಟ್ಟೆಯ ಪಟ್ಟಿ.

"ಇದೇನೇ?" ಎಂದೆ.

"ರಾತ್ರಿ ಎಲ್ರಿಗೂ ಹೇಳ್ದೆ, ಇಟ್ಕಂತೀನಿ ಅಂತ. ಅವ್ರ್ಯಾರೂ ಹೇಳ್ಸಿದ್ದಲ್ಲ, ನಾನೇ ಹೇಳಿದ್ದು. ಕೇಳಿಸ್ಕಂಡು ಈ ಹುಡುಗಿ ಎದ್ದೋಗಿ ನನ್ ಜೇಬಿಂದೇ ತಗಂಡು ಕಟ್ಟಿದ್ಲು. ಇನ್ ಮ್ಯಾಲೆ ನಿನ್ನ ಯಾರೂ ಮಾರಂಗಿಲ್ಲ, ಯಾರೂ ಹೊಡಿಯಂಗಿಲ್ಲ ಅಂದ್ಲು. ಬಿಚ್ಚಾಕೆ ಮನಸ್ ಬರ್ಲಿಲ್ಲ."

ನಾನು ಮೇಜಿನ ಮೇಲಿನ ಕಾಗದಗಳನ್ನು ಸುಮ್ಮನೆ ಅತ್ತಿತ್ತ ಮಾಡಿದೆ. ಕಣ್ಣೊರೆಸಿಕೊಳ್ಳುವುದು ಅವರಿಗೆ ಕಾಣಬಾರದು ನೋಡಿ.

"ಅದಿರ್ಲಿ ಬಿಡ್ರಿ" ಎಂದಳು. "ತರಬೇತಿಗೂ ಹೋಗ್ತೀನಿ. ನನ್ ಹೆಸ್ರು ಹೊಡೆದಾಕ್ಬ್ಯಾಡ್ರಿ. ಹದಿನಾರು ದಿನ ಇವ್ರಿಬ್ರುನ್ನೂ ಅತ್ತೆ, ಇವ್ರಪ್ಪ ನೋಡ್ಕಂತಾರೆ."

ಓಬಳೇಶ ಕೆಮ್ಮಿದ. ಕಂಬಳಿಯನ್ನು ಸರಿಮಾಡಿಕೊಂಡ. ನನ್ನ ಬೆನ್ನಹಿಂದಿನ ಗೋಡೆಗೆ ತೂಗುಹಾಕಿದ್ದ ಟಗರಿನ ಬೀಜ ಒಡೆಯುವ ಇಕ್ಕಳವನ್ನು ಒಮ್ಮೆ ನೋಡಿ ನೆಲ ನೋಡಿದ.

"ಆಪ್ರೇಸನ್ನು ನಾನೇ ಮಾಡಿಸ್ಕಂತೀನಿ ಡಾಕ್ಟ್ರಮ್ಮ. ಅವ್ಳು ಎರ್ಡು ಸಲ ನೋವು ತಿಂದವ್ಳೆ, ಇನ್ನೊಂದು ಬಾಕಿ ಐತೆ. ನೂರು ಟಗರು ನಿಮ್ಗೆ ಹಿಡ್ಕೊಟ್ಟೀನಿ. ಈಗ ನಾನು ಹೆದ್ರಿದ್ರೆ ಆ ಟಗರು ನಗಲ್ವಾ?"

"ಅಯ್ಯೋ ಮಾರಾಯಾ, ಅದು ಬೇರೆ ಇದು ಬೇರೆ!" ಎಂದು ನಾನು ಕೂಗಿದ್ದು ಧರ್ಮಪುರದ ಬಸ್‌ಸ್ಟ್ಯಾಂಡಿಗೂ ಕೇಳಿಸಿರಬೇಕು. ಚಿತ್ತಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು. ಟಗರಿಗಿರುವ ಗತಿಯೇ ತನಗೂ ಎಂದು ತಿಳಿದುಕೊಂಡು, ಆದರೂ ಒಪ್ಪಿ, ಎಂಟು ದಿನ ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಓಡಾಡಿದ್ದ ಆ ಗಂಡಸಿನ ಮೇಲೆ ನನಗೆ ಅವತ್ತು ಹುಟ್ಟಿದ ಗೌರವ ಇನ್ನೂ ಇಳಿದಿಲ್ಲ.

ಅಕ್ಟೋಬರಿನಲ್ಲಿ ಅವಳು ಹೋದಳು. ಐದು ತಿಂಗಳ ಹೊಟ್ಟೆ. ಕೊನೆಯ ದಿನ ತರಬೇತಿಯ ಅಧಿಕಾರಿ ಕುರಿಯೊಂದನ್ನು ಮುಂದೆ ನಿಲ್ಲಿಸಿ ಗಬ್ಬವೋ ಅಲ್ಲವೋ ಹೇಳಲು ಕೇಳಿದರಂತೆ. ಇಪ್ಪತ್ತೊಂಬತ್ತು ಜನ ತಟ್ಟನೆ ಹೇಳಿದರು. ನಮ್ಮವಳು ಅಂಗೈ ಜೋಡಿಸಿ ಎತ್ತಿ, ಕಣ್ಣುಮುಚ್ಚಿ, "ಎಂಟು ದಿನ ಬಿಟ್ಟು ಹೇಳ್ತೀನಿ ಸಾರ್" ಎಂದಳಂತೆ. ಆ ಅಧಿಕಾರಿ ನನಗೆ ಫೋನು ಮಾಡಿ ದೂರಿದರು. ಕಾಯ್ರಿ ಎಂದೆ.

ಈಗ ಡಿಸೆಂಬರು. ಬಲಹೆಗಲಿಗೆ ಹೆಸರು ಬರೆದ ಚೀಲ ಬಂದಿದೆ, ಮುಂದೆ ಏಳು ತಿಂಗಳ ಹೊಟ್ಟೆ ಬಂದಿದೆ. ಜಂಪಣ್ಣನೋ ಅಪ್ಪನ ಕಂಬಳಿ ಬಿಟ್ಟು ಇಳಿಯಲೊಲ್ಲ. ಆದರೂ ಚಿತ್ತಮ್ಮನ ಎಡಸೊಂಟ ಚಾಚಿಕೊಂಡೇ ಇದೆ. ನೆಟ್ಟಗೆ ನಡೆ ಎಂದು ನಾನೀಗ ಗದರುವುದಿಲ್ಲ. ತಾಯ್ತನವನ್ನು ತ್ಯಾಗವೆಂದು ಹಾಡಿ ಹೊಗಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈ ಹೆಂಗಸರು ಅಂಥ ದೇವತೆಗಳಲ್ಲ. ತಮ್ಮ ಬಳಿ ಎಷ್ಟು ಜಾಗವಿದೆಯೆಂದು ಇವರಿಗೆ ಸರಿಯಾಗಿ ಗೊತ್ತು, ಇಲ್ಲದಿದ್ದರೆ ಇಲ್ಲವೆಂದು ಅತ್ತು ಹೇಳಲೂ ಗೊತ್ತು. ಆದರೆ ಅವರ ಅಳುವನ್ನು ಕೇಳಿಸಿಕೊಂಡು ಯಾರಾದರೊಬ್ಬರು ಮಾತಿಲ್ಲದೆ ಬಂದು ಒಂದು ಮಗುವನ್ನು ತಮ್ಮ ಹೆಗಲಿಗೆ ಎತ್ತಿಕೊಂಡರೆ ಸಾಕು, ಖಾಲಿಯಾದ ಆ ಸೊಂಟವನ್ನು ಇವರು ಹಾಗೇ ಇಟ್ಟುಕೊಂಡು, ಬರುವವರಿಗಾಗಿ ಕಾಯುತ್ತಾರೆ.